ಸೌಲನ ಕವಚ ಬಿಚ್ಚಿಟ್ಟ ಹುಡುಗ

ವಡಗಾವಿ, ಬೆಳಗಾವಿ. ಯುವಜನರ ಕೂಟದಲ್ಲಿ ಕೊಟ್ಟ ಸಂದೇಶದ ಬರಹರೂಪ
ಓದುವ ಭಾಗ: 1 ಸಮುವೇಲನು 17:16–40; ಮಾರ್ಕನು 1:9–11 ಮತ್ತು 35–38; ಕೀರ್ತನೆ 139:13–16

ಕೂಡ್ರಿ, ಆರಾಮಾಗಿ ಕೂಡ್ರಿ. ಹಿಂದೆ ನಿಂತವರು ಮುಂದೆ ಬನ್ನಿ, ಜಾಗ ಇದೆ.

ಇವತ್ತು ಇಲ್ಲಿಗೆ ಬರುವಾಗ ಗಲ್ಲಿಯಲ್ಲಿ ಮಗ್ಗದ ಸಪ್ಪಳ ಕೇಳಿದವರು ಎಷ್ಟು ಮಂದಿ? ನೋಡಿ, ಕೈ ಎತ್ತಿದವರು ಹೆಚ್ಚಾಗಿ ಹೊರಗಿನಿಂದ ಬಂದು ರೂಮ್ ಮಾಡಿಕೊಂಡಿರುವ ಹುಡುಗರು. ವಡಗಾವಿಯಲ್ಲೇ ಹುಟ್ಟಿ ಬೆಳೆದವರಿಗೆ ಆ ಸಪ್ಪಳ ಕೇಳಿಸೋದೇ ಇಲ್ಲ. ಕರೆಂಟ್ ಹೋಗಿ ಪವರ್‌ಲೂಮ್ ನಿಂತಾಗಲೇ 'ಓ, ಇಷ್ಟೊತ್ತು ಸಪ್ಪಳ ಇತ್ತಲ್ಲ' ಅನ್ನಿಸ್ತದೆ.

ಜನ ನಮ್ಮ ಮೇಲೆ ಇಟ್ಟಿರುವ ಅಪೇಕ್ಷೆಗಳೂ ಹಾಗೇ ಇರ್ತಾವೆ. ಹುಟ್ಟಿದಾಗಿನಿಂದ ಕಿವಿಯಲ್ಲಿ ಓಡ್ತಾ ಇರ್ತಾವೆ. ಎಷ್ಟು ಪರ್ಸೆಂಟ್ ಆಯ್ತು? ಪುಣೆಗೆ ಹೋಗ್ತೀಯೋ ಬೆಂಗಳೂರಿಗೋ? ಪ್ಯಾಕೇಜ್ ಎಷ್ಟು? ಅವರ ಮಗ ಮನೆ ಕಟ್ಟಿಸಿದ, ನೀನು? ಮದುವೆ ಯಾವಾಗ? ಇದೆಲ್ಲ ಹೊರಗಿನ ಸಪ್ಪಳ ಅಂತ ನಮಗೆ ಗೊತ್ತಾಗೋದೇ ಇಲ್ಲ. ನಮ್ಮದೇ ಮನಸ್ಸಿನ ಮಾತು ಅಂದ್ಕೊಂಡು ಬಿಡ್ತೀವಿ.

ಇಲ್ಲಿ ಒಂದು ಪದದ ವಿಷಯ ಹೇಳಬೇಕು. ನಮ್ಮ ಕನ್ನಡ ಬೈಬಲ್‌ನಲ್ಲಿ 'ನಿರೀಕ್ಷೆ' ಬಹಳ ದೊಡ್ಡ ಪದ. ನಂಬಿಕೆ ಮತ್ತು ಪ್ರೀತಿಯ ಜೊತೆಗೆ 1 ಕೊರಿಂಥ 13ರಲ್ಲಿ ಅದು ನಿಂತಿದೆ. ಹಾಗಾಗಿ 'ನಿರೀಕ್ಷೆ ಬಿಡಿ' ಅಂತ ನಾನು ಹೇಳಿದರೆ ನೀವು ನನ್ನನ್ನು ಪ್ರಶ್ನೆ ಮಾಡಬೇಕು. ದೇವರಲ್ಲಿ ಇಟ್ಟ ನಿರೀಕ್ಷೆ ಬಿಡುವಂಥದ್ದಲ್ಲ. ಇವತ್ತು ನಾವು ಬಿಚ್ಚಿಡಬೇಕಾದದ್ದು ಬೇರೆಯವರು ತಮ್ಮ ಅಳತೆಗೆ ಹೊಲಿಸಿ ನಮಗೆ ತೊಡಿಸಿದ ಅಪೇಕ್ಷೆಗಳನ್ನು. ಇವೆರಡೂ ಕಲೆಸಿ ಹೋಗಿರೋದೇ ನಮ್ಮ ತೊಂದರೆ.

1. ಕೊಟ್ಟವನ ಕೈಯೂ ನಡುಗುತ್ತಿತ್ತು

ಕಥೆ ನಿಮಗೆಲ್ಲ ಸಂಡೇ ಸ್ಕೂಲಿನಿಂದ ಗೊತ್ತು. ಏಲಾ ತಗ್ಗಿನಲ್ಲಿ ಎರಡು ಸೈನ್ಯ ಎದುರುಬದುರು ನಿಂತಿವೆ. 40 ದಿನ, ಬೆಳಿಗ್ಗೆ ಸಂಜೆ ಗೊಲ್ಯಾತ ಬಂದು ಸವಾಲು ಹಾಕ್ತಾನೆ. ಇಸ್ರಾಯೇಲ್ಯರಲ್ಲಿ ಯಾರೂ ಮುಂದೆ ಬರಲ್ಲ. ಅಣ್ಣಂದಿರಿಗೆ ಹುರಿದ ಕಾಳು, ರೊಟ್ಟಿ ಕೊಡೋಕೆ ಬಂದ ಹುಡುಗ 'ನಾನು ಹೋಗ್ತೀನಿ' ಅಂತಾನೆ. ಆಗ ಅರಸನಾದ ಸೌಲ ತನ್ನ ಬಟ್ಟೆ ತೊಡಿಸ್ತಾನೆ, ತಾಮ್ರದ ಶಿರಸ್ತ್ರಾಣ ಇಡ್ತಾನೆ, ಕವಚ ಹಾಕ್ತಾನೆ.

ನಾವು ಸೌಲನನ್ನು ವಿಲನ್ ಮಾಡಿಬಿಡ್ತೀವಿ. ಆದರೆ ಆ ಕ್ಷಣದಲ್ಲಿ ಅವನು ಕೆಟ್ಟದ್ದು ಮಾಡ್ತಿಲ್ಲ. ಹುಡುಗ ಸಾಯಬಾರದು ಅಂತ ತನ್ನ ಹತ್ತಿರ ಇದ್ದದ್ದರಲ್ಲಿ ಎಲ್ಲಕ್ಕಿಂತ ಒಳ್ಳೆಯದನ್ನೇ ಕೊಡ್ತಿದ್ದಾನೆ. ಕವಚ ಒಳ್ಳೆಯದೇ, ಅರಸನ ಕವಚ. ಆದರೆ 9ನೇ ಅಧ್ಯಾಯ ನೋಡಿ. ಸೌಲ ಎಷ್ಟು ಎತ್ತರ? ಎಲ್ಲರೂ ಅವನ ಹೆಗಲಿನ ತನಕ ಮಾತ್ರ. ಆ ಅಳತೆಯ ಕವಚ ಕುರಿ ಕಾಯೋ ಹುಡುಗನಿಗೆ ಹೇಗೆ ಕೂಡ್ರಬೇಕು?

ಇನ್ನೊಂದು ಮಾತು, ಇದನ್ನು ಬರೆದಿಟ್ಟುಕೊಳ್ಳಿ. ಆ ಕವಚ 40 ದಿನ ಸೌಲನ ಹತ್ತಿರವೇ ಇತ್ತು. ಅದು ಸೌಲನಿಗೇ ಧೈರ್ಯ ಕೊಡಲಿಲ್ಲ. ತಾನು ಹಾಕ್ಕೊಂಡು ಹೊರಗೆ ಹೋಗದ ಕವಚವನ್ನು ಅವನು ದಾವೀದನಿಗೆ ತೊಡಿಸಿದ.

ನಮ್ಮ ಅಪ್ಪ ಅವ್ವ, ಮಾಮಾ, ಕಾಕಾ, ಹಿರಿಯರು ನಮಗೆ ಕೊಡೋದು ಬಹಳ ಸಲ ಇಂಥದ್ದೇ. ಮಗ್ಗದ ಮುಂದೆ ಬೆನ್ನು ಬಗ್ಗಿಸಿ ಸಾಲದಲ್ಲಿ ದಿನ ಕಳೆದ ಅಪ್ಪನಿಗೆ ಮಗನ 'ಪರ್ಮನೆಂಟ್ ನೌಕರಿ' ಅನ್ನೋದು ಕವಚ. ಅದರಲ್ಲಿ ಪ್ರೀತಿ ಇದೆ, ಜೊತೆಗೆ ಅವರ ಹೆದರಿಕೆಯೂ ಇದೆ. ಇದು ಅರ್ಥವಾದರೆ ಅವರ ಮೇಲಿನ ಸಿಟ್ಟು ಅರ್ಧ ಇಳಿತದೆ. ಸಿಟ್ಟಿನಿಂದ ಕಿತ್ತೆಸೆದವನು ಮುಂದೆ ಇನ್ನೊಬ್ಬನ ಕವಚ ಹುಡುಕ್ತಾನೆ. ಅರ್ಥ ಮಾಡಿಕೊಂಡವನಿಗೆ ಅದನ್ನು ಸಮಾಧಾನವಾಗಿ ಬಿಚ್ಚಿಡೋಕೆ ಬರ್ತದೆ.

2. ನಡೆದು ನೋಡಿದ, ಆಮೇಲೆ ಬಾಯಿಬಿಟ್ಟು ಹೇಳಿದ

ದಾವೀದ ಕವಚವನ್ನು ನೋಡಿದ ಕೂಡಲೇ ಬೇಡ ಅನ್ನಲಿಲ್ಲ. ಹಾಕಿಕೊಂಡ, ನಡೆದು ನೋಡಿದ, ಆಗಲಿಲ್ಲ. ಆಗ ಅರಸನ ಮುಂದೆಯೇ ಹೇಳಿದ: ಇದು ನನಗೆ ರೂಢಿಯಿಲ್ಲ, ಇದನ್ನು ಹಾಕ್ಕೊಂಡು ನಾನು ಹೋಗಲಾರೆ. ನಮಗೆ ಬಹಳ ಕಷ್ಟದ ಮಾತು ಇದೇ: 'ನನಗೆ ಆಗ್ತಾ ಇಲ್ಲ.'

ಈಗ ಹೇಳುವುದಕ್ಕೆ ನನ್ನ ದೊಡ್ಡ ಮಗಳ ಒಪ್ಪಿಗೆ ಕೇಳಿದ್ದೇನೆ. 'ಹೇಳ್ರಿ ಪಪ್ಪಾ, ಆದ್ರ ನಿಮ್ಮ ತಪ್ಪನ್ನೂ ಸೇರಿಸಿ ಹೇಳ್ರಿ' ಅಂದಳು. ಹೇಳ್ತೀನಿ.

ಅವಳಿಗೆ ಇಂಜಿನಿಯರಿಂಗ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕಿತು. ಮುಂದಿನ ಭಾನುವಾರವೇ ನಾನು ವೇದಿಕೆ ಹತ್ತಿ ಸಾಕ್ಷಿ ಹೇಳಿದೆ: ದೇವರು ಬಾಗಿಲು ತೆರೆದಿದ್ದಾನೆ, ನನ್ನ ಮಗಳು ಇಂಜಿನಿಯರ್ ಆಗ್ತಾಳೆ. ಸಭೆಯೆಲ್ಲ ಚಪ್ಪಾಳೆ. ಅವಳು ಮುಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದಳು. ನಾಚಿಕೆ ಅಂದ್ಕೊಂಡೆ.

ಎರಡನೇ ವರ್ಷ ಮೂರು ಸಬ್ಜೆಕ್ಟ್ ಬ್ಯಾಕ್. ಮುಂದಿನ ಸೆಮಿಸ್ಟರಿನಲ್ಲಿ ಇನ್ನೆರಡು. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಕ್ವಾಯರ್ ಬಿಟ್ಟಳು, ತಲೆನೋವು ಅಂದಳು. ಎಣ್ಣೆ ಹಚ್ಚಿ ಪ್ರಾರ್ಥನೆ ಮಾಡಿದೆವು. ಒಂದು ಶುಕ್ರವಾರ ಉಪವಾಸ ಪ್ರಾರ್ಥನೆ ಮುಗಿಸಿ ಮನೆಗೆ ಬಂದಾಗ ರಾತ್ರಿ ಹತ್ತಾಗಿತ್ತು. ಅವರಮ್ಮ ಪಾತ್ರೆ ಒರೆಸ್ತಾ ಇದ್ದಳು. ಆಗ ಮಗಳು ನಿಂತಲ್ಲೇ ಎಲ್ಲ ಹೇಳಿಬಿಟ್ಟಳು.

ನನ್ನ ಬಾಯಿಂದ ಬಂದ ಮೊದಲ ಮಾತು ಏನು ಗೊತ್ತಾ? 'ನಾನು ಜನಕ್ಕೆ ಏನು ಹೇಳಲಿ?' ಪಾಸ್ಟರ್ ಆದ ನನ್ನ ಬಾಯಿಂದ ಬಂದ ಮಾತು ಅದು. ಆಗ ಅವಳು ಅಂದಳು, 'ನಾ ಫೇಲ್ ಆದ್ರ ನಿಮ್ಮ ಸಾಕ್ಷಿ ಸುಳ್ಳಾಗ್ತೈತಿ, ದೇವರ ಹೆಸರು ಕೆಡ್ತೈತಿ ಅಂತ ಸುಮ್ಮನಿದ್ದೆ ಪಪ್ಪಾ.'

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ಮಗಳು ಒಂದು ವರ್ಷ ದೇವರ ಮರ್ಯಾದೆ ಕಾಯ್ತಾ ಒಬ್ಬಳೇ ಕೂತಿದ್ದಳು. ಅದನ್ನು ದೇವರು ಕೇಳಿರಲಿಲ್ಲ. ಕೇಳಿದವನು ನಾನು. ಅವತ್ತು ನಾನು ಸೌಲನಾಗಿದ್ದೆ. ನಾನು ಓದಲಾಗದ ಓದನ್ನು ಅವಳಿಗೆ ತೊಡಿಸಿ, ಮೇಲೆ ದೇವರ ಸೀಲು ಬೇರೆ ಹೊಡೆದಿದ್ದೆ.

ಅವಳು ಇಂಜಿನಿಯರಿಂಗ್ ಬಿಟ್ಟು ಬಿಎ ಮಾಡಿ ಬಿಎಡ್ ಮುಗಿಸಿದಳು. ಈಗ ಖಾನಾಪುರದ ಕಡೆ ಒಂದು ಶಾಲೆಯಲ್ಲಿ ಕನ್ನಡ ಕಲಿಸ್ತಾಳೆ. ದಿನಾ ಬಸ್ಸು. ಮಳೆಗಾಲದಲ್ಲಿ ಖಾನಾಪುರದ ಮಳೆ ನಿಮಗೆ ಗೊತ್ತೇ ಇದೆ, ತೊಯ್ದು ಮುದ್ದೆಯಾಗಿ ಬರ್ತಾಳೆ. ಸಂಬಳ ಕಡಿಮೆ. ಆ ಮೊದಲಿನ ಕಾಲೇಜಿಗೆ ಮಾಡಿದ ಸಾಲ ಇನ್ನೂ ತೀರಿಲ್ಲ. ಮದುವೆ ಮನೆಯಲ್ಲಿ ಯಾರಾದರೂ 'ಮಗಳು ಏನು ಮಾಡ್ತಾಳ್ರಿ' ಅಂದರೆ ಮೊದಮೊದಲು ನಾನು ಮೆಲ್ಲಗೆ ಹೇಳ್ತಿದ್ದೆ. ನನ್ನದೂ ಪೂರ್ತಿ ಹೋಗಿರಲಿಲ್ಲ. ಆದರೆ ಈಗ ಮನೆಯಲ್ಲಿ ಅವಳ ನಗು ಕೇಳ್ತದೆ. ಅಷ್ಟು ದಿನ ಅದು ನಿಂತಿತ್ತು ಅಂತ ನನಗೆ ಗೊತ್ತೇ ಆಗಿರಲಿಲ್ಲ.

ಇಲ್ಲಿ ಯಾರಾದರೂ ಹೀಗೆ ಒಬ್ಬರೇ ಕೂತಿದ್ದರೆ, ಮನಸ್ಸಿನಲ್ಲಿ ಕೆಟ್ಟ ಯೋಚನೆ ಬರ್ತಾ ಇದ್ದರೆ, ಇವತ್ತೇ ಒಬ್ಬರಿಗೆ ಹೇಳಿ. ಪ್ರಾರ್ಥನೆ ಮಾಡೋಣ, ಡಾಕ್ಟರ್ ಹತ್ತಿರವೂ ಹೋಗೋಣ. ಸರ್ಕಾರದ ಟೆಲಿ ಮಾನಸ್ ನಂಬರ್ 14416, ಉಚಿತ. ಫೋನ್ ಮಾಡೋದು ಅಪನಂಬಿಕೆ ಅಲ್ಲ.

3. ಸುಳೇಭಾವಿಯ ಹುಡುಗ

ಕಾಲೇಜ್ ಗ್ಯಾದರಿಂಗ್‌ಗೆ, ನಾಟಕಕ್ಕೆ ಅಂತ ನೀವು ನಮ್ಮ ಬೆಳಗಾವಿಯ ಕುಮಾರ ಗಂಧರ್ವ ರಂಗಮಂದಿರಕ್ಕೆ ಹೋಗಿದ್ದೀರಿ. ಆ ಹೆಸರು ಯಾರದ್ದು ಅಂತ ಯೋಚಿಸಿದ್ದೀರಾ? ಅವರು ನಮ್ಮ ವಿಶ್ವಾಸದವರಲ್ಲ. ಆದರೆ ಅಪೊಸ್ತಲನಾದ ಪೌಲನು ಅಥೇನೆಯಲ್ಲಿ ಗ್ರೀಕ್ ಕವಿಗಳ ಮಾತನ್ನು ಎತ್ತಿಕೊಂಡು ಮಾತಾಡಿದ. ನಾವು ನಮ್ಮ ನೆರೆಯ ಊರಿನವರಿಂದ ಕಲಿಯೋದರಲ್ಲಿ ತಪ್ಪಿಲ್ಲ.

1924ರ ಏಪ್ರಿಲ್ 8ರಂದು ಇಲ್ಲೇ ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ ಹುಟ್ಟಿದ ಅವರ ನಿಜವಾದ ಹೆಸರು ಶಿವಪುತ್ರ. ಚಿಕ್ಕಂದಿನಲ್ಲೇ ಒಂದು ವಿಚಿತ್ರ ಶಕ್ತಿ ಇತ್ತು. ದೊಡ್ಡ ದೊಡ್ಡ ಉಸ್ತಾದರ ಗ್ರಾಮೋಫೋನ್ ರೆಕಾರ್ಡ್ ಕೇಳಿ, ಅದನ್ನು ಇದ್ದದ್ದು ಇದ್ದಹಾಗೆ ಹಾಡಿಬಿಡ್ತಿದ್ದ. ಜನ ಬೆರಗಾದರು. 'ಕುಮಾರ ಗಂಧರ್ವ' ಅನ್ನೋ ಬಿರುದು ಮಗುವಾಗಿದ್ದಾಗಲೇ ಬಂತು. ಊರೂರು ಕಾರ್ಯಕ್ರಮ. ಹುಡುಗನ ಹೆಸರೇ ಹೋಗಿ ಬಿರುದೇ ಹೆಸರಾಯಿತು. ಯೋಚಿಸಿ, ಜನರ ಅಪೇಕ್ಷೆ ಎಷ್ಟು ದೊಡ್ಡದಿತ್ತು! ಮತ್ತು ಆ ಅಪೇಕ್ಷೆ ಏನು? ಬೇರೆಯವರ ಹಾಗೆ ಹಾಡು ಅನ್ನೋದು.

ಆಮೇಲೆ ಮುಂಬಯಿಯಲ್ಲಿ ಪ್ರೊ. ಬಿ. ಆರ್. ದೇವಧರ ಅವರ ಹತ್ತಿರ ಕಲಿತರು. ಹೆಸರು ಇನ್ನೂ ಬೆಳೆಯಿತು. ಇಪ್ಪತ್ಮೂರರ ಆಸುಪಾಸಿನಲ್ಲಿ, ಮದುವೆಯಾದ ಹೊಸದರಲ್ಲೇ ಕ್ಷಯರೋಗ ಬಂತು. ಆಗ ಕ್ಷಯ ಅಂದರೆ ಸಾವು ಅನ್ನೋ ಕಾಲ. 1948ರಲ್ಲಿ ಹವೆ ಒಣಗಿರುವ ಊರು ಅಂತ ಮಧ್ಯಪ್ರದೇಶದ ದೇವಾಸಕ್ಕೆ ಹೋದರು. ಹಾಡಬಾರದು ಅಂತ ವೈದ್ಯರ ಕಟ್ಟಪ್ಪಣೆ. ಹಾಡೋದಕ್ಕೇ ಹುಟ್ಟಿದವನು ಅಂತ ಎಲ್ಲರೂ ಹೇಳಿದ್ದ ಮನುಷ್ಯ ವರ್ಷಗಟ್ಟಲೆ ಹಾಸಿಗೆಯ ಮೇಲೆ ಮೌನವಾಗಿ ಮಲಗಿದ. ಪತ್ನಿ ಭಾನುಮತಿ ಆರೈಕೆ ಮಾಡಿದರು.

ಅಲ್ಲಿ ಏನು ನಡೀತು? ಹಾಡೋಕೆ ಆಗದವನು ಕೇಳೋಕೆ ಶುರು ಮಾಡಿದ. ಹಕ್ಕಿಗಳ ದನಿ, ಮಾಳವಾ ಸೀಮೆಯ ಜನಪದರ ಹಾಡು, ಬೀದಿಯಲ್ಲಿ ಹಾಡ್ಕೊಂಡು ಹೋಗುವವರ ದನಿ. ಹೊಸದಾಗಿ ಬಂದಿದ್ದ ಸ್ಟ್ರೆಪ್ಟೊಮೈಸಿನ್ ಔಷಧಿಯಿಂದ ಗುಣವಾಗಿ 1953ರಲ್ಲಿ ಮತ್ತೆ ವೇದಿಕೆಗೆ ಬಂದಾಗ ಒಂದು ಶ್ವಾಸಕೋಶ ಕೆಲಸಕ್ಕೆ ಬಾರದ ಹಾಗಾಗಿತ್ತು. ಆದರೆ ಬಂದದ್ದು ಹಳೆಯ ರೆಕಾರ್ಡಿನ ದನಿಯಲ್ಲ. ಚಿಕ್ಕ ಚುರುಕಾದ ತಾನುಗಳು, ನಡುವೆ ಮೌನ. ಘರಾನೆಯ ದಾರಿ ಬಿಟ್ಟ ಅಂತ ಟೀಕೆ ಮಾಡಿದವರಿದ್ದರು. ಅವರು ಬೈದರು ಅಂತ ಹಳೆಯ ದನಿಗೆ ತಿರುಗಲಿಲ್ಲ. ಜನಪದ ಧಾಟಿಗಳಿಂದ ಹೊಸ ರಾಗಗಳನ್ನೇ ಕಟ್ಟಿದರು. 1965ರಲ್ಲಿ ತಮ್ಮ ರಚನೆಗಳ 'ಅನೂಪರಾಗವಿಲಾಸ' ಪುಸ್ತಕ ಹೊರತಂದರು. 1990ರಲ್ಲಿ ಪದ್ಮವಿಭೂಷಣ ಬಂತು. 1992ರಲ್ಲಿ ದೇವಾಸದಲ್ಲೇ ತೀರಿಕೊಂಡರು.

ಪ್ರಶಸ್ತಿ ಬಂತು ಅಂತ ಇದನ್ನು ಹೇಳ್ತಿಲ್ಲ. ಎಲ್ಲರಿಗೂ ಪ್ರಶಸ್ತಿ ಬರಲ್ಲ. ಎರಡು ವಿಷಯ ನೋಡಿ. ಮೊದಲನೆಯದು, ಸ್ವಂತ ದನಿ ಸಿಕ್ಕಿದ್ದು ಚಪ್ಪಾಳೆಯಲ್ಲಿ ಅಲ್ಲ, ಮೌನದಲ್ಲಿ. ಎರಡನೆಯದು, ಕಲಿತದ್ದನ್ನು ಅವರು ಬಿಸಾಡಲಿಲ್ಲ. ಗುರುವಿನ ಹತ್ತಿರ ವರ್ಷಗಟ್ಟಲೆ ಬೆವರು ಸುರಿಸಿದವನಿಗೇ ಹೊಸ ದಾರಿ ಕಟ್ಟೋಕೆ ಆಯಿತು. ರಿಯಾಜ್ ಮಾಡದೆ 'ನಾನು ನನ್ನ ಹಾಗೇ ಇರ್ತೀನಿ' ಅನ್ನೋದು ಸೋಮಾರಿತನ. ದಾವೀದನ ಕವಣೆಯೂ ಅಷ್ಟೇ. ಕರಡಿ, ಸಿಂಹದ ಎದುರು, ಯಾರೂ ನೋಡದ ಅಡವಿಯಲ್ಲಿ ಪಳಗಿದ ಕೈ ಅದು.

4. ಸಭೆಯೂ ಕವಚ ತೊಡಿಸ್ತದೆ

ಮನೆಯವರ ಮೇಲೆ ಮಾತ್ರ ಹಾಕಿದರೆ ನ್ಯಾಯ ಆಗಲ್ಲ. ನಾನು ಸೇವೆಗೆ ಬಂದ ಹೊಸದರಲ್ಲಿ ಒಬ್ಬ ದೊಡ್ಡ ಪ್ರಸಂಗಿಯ ಕ್ಯಾಸೆಟ್‌ಗಳನ್ನು ಹಗಲುರಾತ್ರಿ ಕೇಳ್ತಿದ್ದೆ. ಅವರ ಹಾಗೇ ಗಂಟಲು ಒಡೆಸಿಕೊಂಡು 'ಹಲ್ಲೆಲೂಯಾ' ಅನ್ನೋದು, ಅವರ ಹಾಗೇ ಕರವಸ್ತ್ರ ಬೀಸೋದು. ನನ್ನ ಮೊದಲ ಪ್ರಸಂಗ ಕೇಳೋಕೆ ಅವ್ವ ಮಗ್ಗ ನಿಲ್ಲಿಸಿ ಬಂದಿದ್ದಳು. ಮನೆಗೆ ಹೋದ ಮೇಲೆ ಕೇಳಿದಳು: 'ಯಾಕೋ ಮಗಾ, ಗಂಟ್ಲಾ ಕೆಟ್ಟೈತೇನು? ಕಷಾಯಾ ಮಾಡಿ ಕೊಡ್ಲೇನು?'

ನಗ್ರಿ, ನಗ್ರಿ. ಆದರೆ ನೀವೂ ಹಾಗೇ ಮಾಡ್ತೀರಿ. ರೀಲ್ಸ್‌ನಲ್ಲಿ ನೋಡಿದ ವರ್ಷಿಪ್ ಲೀಡರ್ ಕಣ್ಣು ಮುಚ್ಚಿದ ಹಾಗೇ ಕಣ್ಣು ಮುಚ್ಚೋದು. ಪಕ್ಕದವನಿಗೆ ಕಣ್ಣೀರು ಬಂತು, ನನಗೆ ಬರಲಿಲ್ಲ ಅಂತ ಒಳಗೊಳಗೇ ಒದ್ದಾಡೋದು. ಅನ್ಯಭಾಷೆಯ ವರಕ್ಕಾಗಿ ಕಾಯ್ತಾ ಇರೋ ತಂಗಿ, ಎಲ್ಲರೂ ನೋಡ್ತಿದ್ದಾರೆ ಅಂತ ಬಾಯಿಗೆ ಬಂದದ್ದು ಹೇಳೋ ಒತ್ತಾಯ. ಪವಿತ್ರಾತ್ಮನ ವರಗಳನ್ನು ನಾನು ನಂಬ್ತೀನಿ, ಬೋಧಿಸ್ತೀನಿ. ಅದಕ್ಕೇ ಹೇಳ್ತಿದ್ದೀನಿ: ವರವನ್ನು ನಟನೆ ಮಾಡಬೇಡಿ. 1 ಕೊರಿಂಥ 12 ಓದಿ. ಆತ್ಮನು ತನ್ನ ಚಿತ್ತದ ಹಾಗೆ ಒಬ್ಬೊಬ್ಬರಿಗೆ ಹಂಚಿಕೊಡ್ತಾನೆ. ದೇಹವೆಲ್ಲ ಕಣ್ಣೇ ಆದರೆ ಕಿವಿ ಎಲ್ಲಿ ಅಂತ ಪೌಲ ಕೇಳ್ತಾನೆ. ನಮ್ಮ ಸಭೆಯಿಂದ ಯಾರಿಗಾದರೂ ಇಂಥ ಒತ್ತಡ ಆಗಿದ್ದರೆ, ಈ ವೇದಿಕೆಯಿಂದಲೇ ಕ್ಷಮೆ ಕೇಳ್ತೀನಿ.

5. ಕವಚ ಬೇರೆ, ಹೊಣೆ ಬೇರೆ

ಇಷ್ಟು ಕೇಳಿ ಯಾರಾದರೂ ನಾಳೆ ಬೆಳಿಗ್ಗೆ ನೌಕರಿಗೆ ರಾಜೀನಾಮೆ ಕೊಟ್ಟು 'ಪಾಸ್ಟರ್ ಹೇಳಿದ್ರು' ಅನ್ನಬಾರದು! 17ನೇ ಅಧ್ಯಾಯವನ್ನು ನಿಧಾನಕ್ಕೆ ಓದಿ. ದಾವೀದ ರಣರಂಗಕ್ಕೆ ಬಂದದ್ದೇ ಅಪ್ಪ ಇಷಯ ಹೇಳಿದ ಕೆಲಸಕ್ಕೆ. ಹೊರಡುವ ಮೊದಲು ಕುರಿಗಳನ್ನು ಇನ್ನೊಬ್ಬ ಕಾವಲುಗಾರನಿಗೆ ಒಪ್ಪಿಸಿದ. ಬಂದ ಮೇಲೆ ತಂದ ಸಾಮಾನನ್ನು ಕಾಯುವವನ ಕೈಗೆ ಕೊಟ್ಟ. ಆಮೇಲೆ ಮುಂದೆ ಹೋದ. ಕವಚ ಬಿಚ್ಚಿಟ್ಟ ಹುಡುಗ ಕುರಿಗಳನ್ನು ಬಿಟ್ಟು ಓಡಲಿಲ್ಲ.

ಅವ್ವನ ಔಷಧಿ ಖರ್ಚು, ತಮ್ಮನ ಫೀಸು, ಕೊಟ್ಟ ಮಾತು, ಇವು ಕುರಿಗಳು. 'ನಮ್ಮ ಮನೆತನಕ್ಕೆ ಇದೇ ನೌಕರಿ ಶೋಭೆ', 'ಇಷ್ಟು ಬಂಗಾರ ಹಾಕಿ ಮದುವೆ ಮಾಡದಿದ್ದರೆ ಮರ್ಯಾದೆ ಇಲ್ಲ', ಇವು ಕವಚ. ಕೆಲವು ಸಲ ಎರಡೂ ಒಂದೇ ಗಂಟಿನಲ್ಲಿ ಇರ್ತಾವೆ. ಗಂಟು ಬಿಚ್ಚೋಕೆ ಸಮಯ ಹಿಡಿತದೆ. ಹಿರಿಯರ ಹತ್ತಿರ ಕೂತು ಮಾತಾಡಬೇಕು, ಅಳಬೇಕು, ಮತ್ತೆ ಮಾತಾಡಬೇಕು. ದಾವೀದ ಕವಚವನ್ನು ಸೌಲನ ಮುಖಕ್ಕೆ ಎಸೆಯಲಿಲ್ಲ. ಬಿಚ್ಚಿಟ್ಟ, ಅಷ್ಟೇ.

6. ಮೊದಲು ಮಗ, ಆಮೇಲೆ ಕೆಲಸ

ಇದೆಲ್ಲ ಬಿಚ್ಚಿಟ್ಟ ಮೇಲೆ ಉಳಿಯೋದು ಏನು? ಹೆದರಿಕೆ ಇದೇ ಅಲ್ವಾ? ಡಿಗ್ರಿ ಹೋಯ್ತು, ಹೆಸರು ಹೋಯ್ತು, ಇನ್ನು ನಾನು ಯಾರು?

ಮಾರ್ಕನು 1 ನೋಡಿ. ಯೊರ್ದನ್ ಹೊಳೆಯಲ್ಲಿ ಯೇಸು ದೀಕ್ಷಾಸ್ನಾನ ಮಾಡಿಸಿಕೊಂಡು ಮೇಲೆ ಬರುವಾಗ ತಂದೆಯ ದನಿ ಕೇಳ್ತದೆ: ನೀನು ನನ್ನ ಪ್ರಿಯ ಮಗ, ನಿನ್ನನ್ನು ಮೆಚ್ಚಿದ್ದೇನೆ ಅನ್ನುವ ಅರ್ಥದ ಮಾತು. ಅಷ್ಟರೊಳಗೆ ಮಾರ್ಕನು ಒಂದು ಅದ್ಭುತವನ್ನೂ ಬರೆದಿಲ್ಲ. ರೋಗಿ ವಾಸಿಯಾಗಿಲ್ಲ, ಪ್ರಸಂಗ ಆಗಿಲ್ಲ. ಮೆಚ್ಚುಗೆ ಮೊದಲು ಬಂತು, ಕೆಲಸ ಆಮೇಲೆ. ನಾವು ಕೆಲಸ ಮಾಡಿ ಮೆಚ್ಚುಗೆ ಗಳಿಸೋಕೆ ಓಡ್ತಾ ಇದ್ದೀವಿ.

ಅದೇ ಅಧ್ಯಾಯದ ಕೊನೆಗೆ ಕಪೆರ್ನೌಮಿನ ಜನವೆಲ್ಲ ಆತನನ್ನು ಹುಡುಕ್ತಾರೆ. ನಸುಕಿನಲ್ಲಿ ಒಬ್ಬನೇ ಪ್ರಾರ್ಥನೆ ಮಾಡ್ತಿದ್ದ ಯೇಸುವಿಗೆ ಸೀಮೋನ ಬಂದು 'ಎಲ್ಲರೂ ನಿನ್ನನ್ನು ಹುಡುಕ್ತಿದ್ದಾರೆ' ಅಂತಾನೆ. ನಮಗೆ ಇಂಥ ಮೆಸೇಜ್ ಬಂದರೆ ಓಡಿ ಹೋಗ್ತೀವಿ. ಯೇಸು ಬೇರೆ ಊರಿಗೆ ಹೋಗೋಣ ಅಂತಾನೆ, ಅದಕ್ಕೇ ನಾನು ಬಂದದ್ದು ಅಂತಾನೆ. ತಂದೆಯ ದನಿ ಕೇಳಿದ್ದವನಿಗೆ ಜನರ ಅಪೇಕ್ಷೆಗೆ 'ಇಲ್ಲ' ಅನ್ನೋ ಬಲ ಇತ್ತು, ಜನರ ಮೇಲಿನ ಪ್ರೀತಿ ಕಡಿಮೆಯಾಗದ ಹಾಗೆ.

ಕೊನೆಯದಾಗಿ ಕೀರ್ತನೆ 139. ತಾಯಿಯ ಗರ್ಭದಲ್ಲಿ ದೇವರು ನಮ್ಮನ್ನು ರೂಪಿಸಿದ ಬಗ್ಗೆ ದಾವೀದ ಹೇಳುವಾಗ, 15ನೇ ವಚನದ ಹೀಬ್ರೂ ಪದದ ಮೂಲ ವಿಮೋಚನಕಾಂಡ 26:36ರಲ್ಲಿ ದೇವದರ್ಶನದ ಗುಡಾರದ ಪರದೆಯ ಮೇಲಿನ ಬಣ್ಣದ ನೂಲಿನ ಕಸೂತಿಗೆ ಬಳಸಿದ ಪದದ ಮೂಲವೇ. ಕಸೂತಿ ನಮ್ಮ ಕಡೆಯ ಕೆಲಸ. ನಿಮ್ಮ ಅಜ್ಜಿಯರಿಗೆ ಕೇಳಿ. ಬಟ್ಟೆಯ ಮೇಲೆ ಪೆನ್ಸಿಲಿನಿಂದ ಚಿತ್ರ ಬರೆದುಕೊಳ್ಳಲ್ಲ, ಎಳೆ ಎಣಿಸಿ ಹಾಕ್ತಾರೆ. ಗವಂತಿ ಹೊಲಿಗೆಯಲ್ಲಿ ಗಂಟು ಹಾಕಲ್ಲ, ಮುಂದೆ ಹೇಗೋ ಹಿಂದೆಯೂ ಹಾಗೇ ಕಾಣ್ತದೆ.

ನಮ್ಮನ್ನು ಮಾಡಿದವನು ಎಳೆ ಎಣಿಸಿ ಮಾಡಿದ್ದಾನೆ, ಪಕ್ಕದವನ ಚಿತ್ರ ಇಟ್ಟುಕೊಂಡು ನಕಲು ಮಾಡಿಲ್ಲ. ನಾವು ಬೆಳೆಯಬೇಕಾದದ್ದೂ ಹಾಗೇ: ಸ್ಟೇಟಸ್‌ನಲ್ಲಿ ಒಂದು, ಮನೆಯಲ್ಲಿ ಒಂದು, ಸಭೆಯಲ್ಲಿ ಇನ್ನೊಂದು ಅಲ್ಲ. ಮುಂದೆ ಹೇಗೋ ಹಿಂದೆಯೂ ಹಾಗೇ. ಆಮೆನ್ ಅನ್ನಿ.

ಈ ವಾರ ಸೆಲ್ ಗುಂಪಿನಲ್ಲಿ ಮಾತಾಡಿ

1. ನೀವು ಈಗ ಹೊತ್ತಿರುವ ಒಂದು ಅಪೇಕ್ಷೆ ಬರೆಯಿರಿ. ಅದನ್ನು ತೊಡಿಸಿದವರು ಯಾರು? ಅವರ ಹೆದರಿಕೆ ಏನಿತ್ತು?
2. ನಿಮ್ಮ ಪಟ್ಟಿಯಲ್ಲಿ 'ಕುರಿ' ಯಾವುದು, 'ಕವಚ' ಯಾವುದು?
3. ಯಾರೂ ನೋಡದಾಗಲೂ ನೀವು ಇಷ್ಟಪಟ್ಟು ಮಾಡುವ ಕೆಲಸ ಯಾವುದು? ನಿಮ್ಮ ಕವಣೆ ಅದೇ ಇರಬಹುದು.
4. ನೀವು ಯಾರಿಗಾದರೂ ಸೌಲನ ಕವಚ ತೊಡಿಸಿದ್ದೀರಾ? ಈ ವಾರ ಹೋಗಿ ಮಾತಾಡುತ್ತೀರಾ?

ಪ್ರಾರ್ಥನೆ

ಪರಲೋಕದಲ್ಲಿರುವ ತಂದೆಯೇ, ನಿಮಗೆ ಸ್ತೋತ್ರ. ಈ ಮಕ್ಕಳ ಹೆಗಲ ಮೇಲಿನ ಭಾರ ನಿಮಗೆ ಗೊತ್ತು. 'ನನಗೆ ಆಗ್ತಾ ಇಲ್ಲ' ಅಂತ ಹೇಳುವ ಧೈರ್ಯ ಕೊಡಿ. ಕೇಳಿಸಿಕೊಳ್ಳುವ ಕಿವಿಯನ್ನು ತಂದೆತಾಯಿಗಳಾದ ನಮಗೆ ಕೊಡಿ. ನಮ್ಮ ಹೆದರಿಕೆಗೆ ನಿಮ್ಮ ಹೆಸರು ಇಟ್ಟದ್ದನ್ನು ಕ್ಷಮಿಸಿ. ಇವರ ಕೈಯಲ್ಲಿ ನೀವೇ ಇಟ್ಟ ಕವಣೆಯನ್ನು ಇವರು ಗುರುತಿಸಲಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.